ಹಿಂದೆ ಕೂತವರ ಬೆನ್ನು ಮತ್ತು ಹುಕ್‌ನ ನಿಯಮ

ಹತ್ತು ವರ್ಷದ ಕೆಳಗೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. ಈಗ ಕೆಲಸದಲ್ಲಿದ್ದಾನೆ, ಸ್ವಂತ ದುಡಿಮೆಯಲ್ಲಿ 350 ಸಿ.ಸಿ. ಬೈಕು ಕೊಂಡಿದ್ದಾನೆ. ಜೊತೆಗೆ ಅವನ ತಂದೆಯೂ ಇದ್ದರು. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರಬೇಕೆಂಬುದು ಹುಡುಗನ ಆಸೆ. ಆದರೆ ಒಮ್ಮೆ ಹೊರಟವರು ಸಕಲೇಶಪುರದಿಂದಲೇ ಹಿಂತಿರುಗಿದ್ದರು.

"ಮೇಷ್ಟ್ರೇ, ರಸ್ತೆಯಲ್ಲಿ ಹಂಪ್ ಸಿಕ್ಕಾಗಲೆಲ್ಲ ಬೆನ್ನುಮೂಳೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗುತ್ತೆ. ನಾನು ಬಸ್ಸಿನಲ್ಲೇ ಹೋಗ್ತೀನಿ ಅಂದ್ರೆ ಇವನು ಕೇಳೋದಿಲ್ಲ" ಎಂದರು ತಂದೆ. ಮಗ ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿದ. ಕೆಂಪು ಸ್ಪ್ರಿಂಗು, ಪಕ್ಕದಲ್ಲಿ ಪುಟ್ಟ ಡಬ್ಬಿ ಇರುವ ಒಂದು ಜೊತೆ ಹಿಂಬದಿ ಶಾಕ್ ಅಬ್ಸಾರ್ಬರ್. "ಇದನ್ನ ಹಾಕಿಸಿದ್ರೆ ಸರಿಹೋಗುತ್ತಾ ಸಾರ್?"

ಅಳತೆ ನೋಡದೆ ಔಷಧಿ ಹೇಳುವುದು ಹೇಗೆ? ಒಳಗಿನಿಂದ ಟೇಪು ತಂದೆ.

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ತೂಗುತ್ತದೆ, ಸ್ಪ್ರಿಂಗ್ ಪೂರ್ತಿ ಚಾಚಿಕೊಳ್ಳುತ್ತದೆ. ಆಗ ಚಕ್ರದ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದೆವು. ಸ್ಟ್ಯಾಂಡ್ ಇಳಿಸಿ ಮಗ ಒಬ್ಬನೇ ಕೂತಾಗ ಆ ಅಂತರ 25 ಮಿಲಿಮೀಟರ್ ಕಡಿಮೆಯಾಯಿತು. 72 ಕೆ.ಜಿ. ತೂಗುವ ತಂದೆಯೂ ಕೂತಾಗ ಕುಸಿತ 48ಕ್ಕೆ ಬಂತು. 15 ಕೆ.ಜಿ. ಚೀಲ ಕಟ್ಟಿದಾಗ 53. ಆ ಬೈಕಿನ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವ ಜಾಗವೇ 80. ಅಂದರೆ ಹಂಪ್ ಬಂದಾಗ ಚಕ್ರ ಮೇಲೇಳಲು ಉಳಿದದ್ದು 27 ಮಿಲಿಮೀಟರ್ ಮಾತ್ರ. ಅದು ಮುಗಿದೊಡನೆ ಒಳಗಿನ ರಬ್ಬರ್ ತಡೆಗೆ ಬಡಿಯುತ್ತದೆ. ತಂದೆಯವರು ಹೇಳಿದ ಸುತ್ತಿಗೆ ಅದೇ.

ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಉಂಗುರ ಇರುತ್ತದೆ, ಸಿ ಸ್ಪ್ಯಾನರ್ ಹಾಕಿ ತಿರುಗಿಸುವುದು. "ಇದನ್ನ ಕೊನೇ ಮೆಟ್ಟಿಲಿಗೆ ಹಾಕಿದ್ರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತಾರಲ್ಲ ಸಾರ್?" ಹಾಕಿಯೇ ನೋಡಿದೆವು. ಮಗ ಒಬ್ಬನೇ ಕೂತಾಗ ಕುಸಿತ 15, ತಂದೆಯೂ ಕೂತಾಗ 38.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಮೊದಲು 25ರಿಂದ 48, ಈಗ 15ರಿಂದ 38. ತಂದೆಯ ಭಾರಕ್ಕೆ ಎರಡೂ ಸಲ ಸ್ಪ್ರಿಂಗ್ ತಗ್ಗಿದ್ದು 23 ಮಿಲಿಮೀಟರೇ! ಸ್ಪ್ರಿಂಗಿನ ಮೇಲಿನ ಬಲಕ್ಕೆ ತಕ್ಕಂತೆ ಅದು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂಬುದು ರಾಬರ್ಟ್ ಹುಕ್‌ನ ನಿಯಮ. ಅದನ್ನು ಆತ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನಂತೆ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಹಿಂದಿನ ಸೀಟು ಬಹುತೇಕ ಹಿಂಚಕ್ರದ ಮೇಲೆಯೇ ಇರುವುದರಿಂದ ತಂದೆಯ ಸುಮಾರು 700 ನ್ಯೂಟನ್ ಭಾರವೆಲ್ಲ ಅಲ್ಲಿಗೇ ಬಂತೆನ್ನಿ. 23ರಿಂದ ಭಾಗಿಸಿದರೆ ಮಿಲಿಮೀಟರಿಗೆ 30 ನ್ಯೂಟನ್. ಉಂಗುರ ತಿರುಗಿಸಿದರೂ ಈ ಸಂಖ್ಯೆ ಬದಲಾಗಲಿಲ್ಲ. ಉಂಗುರ ಬೈಕಿನ ಹಿಂಭಾಗವನ್ನು ಮೇಲೆತ್ತಿತು, ಅಷ್ಟೆ. ಆ 10 ಮಿಲಿಮೀಟರೂ ಉಪಕಾರವೇ, ಒಂದು ಪೈಸೆ ಖರ್ಚಿಲ್ಲದ್ದು. ಊರೊಳಗಿನ ಓಡಾಟಕ್ಕೆ ಅಷ್ಟು ಸಾಕು. ನೂರಾರು ಕಿಲೋಮೀಟರ್ ದೂರಕ್ಕೆ, ಚೀಲವನ್ನೂ ಹೊತ್ತು ಹೋಗುವುದಾದರೆ ಸ್ಪ್ರಿಂಗೇ ಗಡುಸಾಗಬೇಕು.

ಹಿಂಭಾಗ ಕುಸಿದರೆ ಬೆನ್ನಿಗಷ್ಟೇ ತೊಂದರೆ ಎಂದುಕೊಳ್ಳಬೇಡಿ. ಬೈಕಿನ ಎರಡು ಚಕ್ರಗಳ ನಡುವೆ ಸುಮಾರು 1370 ಮಿಲಿಮೀಟರ್ ಇದೆ. ಮುಂಭಾಗ ಹಾಗೇ ಇದ್ದು ಹಿಂಭಾಗ 23 ಮಿಲಿಮೀಟರ್ ಇಳಿದರೆ, 25 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು 42 ಸೆಂಟಿಮೀಟರ್ ಮೇಲೇರುತ್ತದೆ. ಘಾಟಿಯ ತಿರುವಿನಲ್ಲಿ ಎದುರಿನ ಲಾರಿ ಚಾಲಕನ ಕಣ್ಣಿಗೆ ಬೆಳಕು, ನಿಮ್ಮ ಮುಂದಿನ ಗುಂಡಿಗೆ ಕತ್ತಲೆ.

ಇನ್ನು ಆ ಕೆಂಪು ಸ್ಪ್ರಿಂಗಿನ ಮಾತು. ಸ್ಪ್ರಿಂಗ್ ಪೆಟ್ಟನ್ನು ನುಂಗುವುದಿಲ್ಲ, ಸಾಲ ಪಡೆದು ತಿರುಗಿ ಕೊಡುತ್ತದೆ. ಅದು ತಿರುಗಿ ಕೊಡುವ ಶಕ್ತಿಯನ್ನು ಶಾಖವಾಗಿಸಿ ಮುಗಿಸುವುದು ಶಾಕಿನೊಳಗಿನ ಎಣ್ಣೆ. ಸಣ್ಣ ರಂಧ್ರಗಳ ಮೂಲಕ ಅದು ನುಸುಳಬೇಕು. ಸ್ಪ್ರಿಂಗ್ ಗಡುಸಾದಷ್ಟೂ, ಭಾರ ಹೆಚ್ಚಿದಷ್ಟೂ ಈ ತಡೆಯೂ ಹೆಚ್ಚಬೇಕು. ಹಳೆಯ ಶಾಕಿಗೆ ಗಡುಸು ಸ್ಪ್ರಿಂಗ್ ಮಾತ್ರ ಹಾಕಿಸಿದರೆ ಪೆಟ್ಟು ತಪ್ಪಿ, ಕುದುರೆಯಂತೆ ಕುಣಿಯುವ ಹೊಸ ಕಷ್ಟ ಶುರುವಾಗುತ್ತದೆ. ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನೆಲೆಗೊಳ್ಳಬೇಕು. ಎರಡು ಮೂರು ಸಲ ತೂಗಿದರೆ ಎಣ್ಣೆಯ ಕೆಲಸ ಮುಗಿದಿದೆ ಎಂದರ್ಥ.

ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಕಾದು ತೆಳ್ಳಗಾಗುತ್ತದೆ, ಒಳಗಿನ ಗಾಳಿಯೊಂದಿಗೆ ಕಲೆತು ನೊರೆಯೇಳುತ್ತದೆ. ಒತ್ತಡದಲ್ಲಿ ನೈಟ್ರೋಜನ್ ತುಂಬಿದ ಶಾಕುಗಳಲ್ಲಿ ಈ ನೊರೆ ಕಡಿಮೆ. ಪಕ್ಕದ ಡಬ್ಬಿ ನಿಜವಾದದ್ದಾದರೆ ಎಣ್ಣೆಗೂ ಅನಿಲಕ್ಕೂ ಹೆಚ್ಚಿನ ಜಾಗ ಸಿಕ್ಕುತ್ತದೆ. ಆದರೆ ಒಳಗೆ ದಾರಿಯೇ ಇಲ್ಲದ, ಅಲಂಕಾರಕ್ಕೆ ಅಂಟಿಸಿದ ಡಬ್ಬಿಗಳನ್ನೂ ನಾನು ಕಂಡಿದ್ದೇನೆ. ಬಣ್ಣಕ್ಕಂತೂ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಸವಾರನ ತೂಕ, ಹಿಂದಿನವರ ತೂಕ, ಚೀಲದ ತೂಕ ಬರೆದುಕೊಂಡು ಹೋಗು ಎಂದೆ. "ಈ ಭಾರಕ್ಕೆ ಯಾವ ಸ್ಪ್ರಿಂಗ್ ಕೊಡ್ತೀರಿ?" ಎಂದರೆ ಉತ್ತರ ಹೇಳಲಾಗದವರಿಂದ ಕೊಳ್ಳಬಾರದು. ಶಾಕಿನ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗೆ ಇರುವ ಉದ್ದ ಹಳೆಯದರಷ್ಟೇ ಇರಬೇಕು. ಉದ್ದವಾದರೆ ಹಿಂಭಾಗ ಎದ್ದು ಹ್ಯಾಂಡಲಿನ ಗುಣವೇ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ವಿಪರೀತ ವಾಲುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಪೋಷಕರಿಗೂ ಒಂದು ಮಾತು. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಒಟ್ಟು ಭಾರದ ಮಿತಿ ಶಾಕ್ ಬದಲಿಸಿದ ಮಾತ್ರಕ್ಕೆ ಏರುವುದಿಲ್ಲ. ಟೈರು, ಬ್ರೇಕು, ಚಾಸಿ ಅವೇ ಇರುತ್ತವಲ್ಲ. ಇಬ್ಬರು ಕೂರುವಾಗ ಟೈರಿನಲ್ಲಿ ಎಷ್ಟು ಗಾಳಿ ಇರಬೇಕೆಂಬುದೂ ಅದೇ ಪುಸ್ತಕದಲ್ಲಿದೆ.

ಹುಡುಗ ಕೊನೆಗೆ ತಂದದ್ದು ಕಪ್ಪು ಬಣ್ಣದ, ಡಬ್ಬಿಯಿಲ್ಲದ, ಅನಿಲ ತುಂಬಿದ ಜೊತೆ. ಚಕ್ರದ ಬಳಿ ಲೆಕ್ಕ ಹಾಕಿದರೆ ಮಿಲಿಮೀಟರಿಗೆ 36 ನ್ಯೂಟನ್ ಬಂತು. ಉಂಗುರವನ್ನು ನಡುವಿನ ಮೆಟ್ಟಿಲಿಗಿಟ್ಟು, ಅಪ್ಪ, ಮಗ, ಚೀಲ ಎಲ್ಲ ಸೇರಿ ಅಳೆದಾಗ ಕುಸಿತ 36 ಮಿಲಿಮೀಟರ್. 44 ಉಳಿದಿತ್ತು. ಹೆಡ್‌ಲೈಟನ್ನು ಗೋಡೆಗೆ ಹಿಡಿದು ಸರಿಮಾಡಿಕೊಂಡು ಹೊರಟರು.

ಧರ್ಮಸ್ಥಳದಿಂದ ಬಂದ ಮೇಲೆ ತಂದೆ ಪ್ರಸಾದ ಕೊಡಲು ಮನೆಗೆ ಬಂದಿದ್ದರು. ಬೆನ್ನಿನ ಮಾತೇ ಎತ್ತಲಿಲ್ಲ. "ಈಗ ಸೀಟಿನದ್ದು ಒಂದು ತಕರಾರು ಮೇಷ್ಟ್ರೇ, ಬಲೇ ಗಟ್ಟಿ" ಎಂದರು.