ಮಂತ್ರಿಗಳಿಗೆ ಕೆಲಸ ಕೊಡಿ



ನಮ್ಮ ಶಾಲಾ ಸಂಸತ್ತಿಗೆ ಪ್ರತಿ ವರ್ಷ ಚುನಾವಣೆ ನಡೆಯುತ್ತದೆ. ಚೀಟಿ ಹಾಕುತ್ತೇವೆ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಹಾಕಿಸಿಕೊಳ್ಳುತ್ತೇವೆ, ಪ್ರಮಾಣವಚನವೂ ಆಗುತ್ತದೆ. ಆಮೇಲೆ? ಪ್ರಧಾನಮಂತ್ರಿ ಬೆಳಿಗ್ಗೆ ‘ಸಾವಧಾನ್, ವಿಶ್ರಾಮ್’ ಹೇಳ್ತಾನೆ, ಉಳಿದ ಮಂತ್ರಿಗಳು ಸೀಮೆಸುಣ್ಣ ತರ್ತಾರೆ. ಅಷ್ಟೇ.

18 ವರ್ಷಕ್ಕೆ ಓಟು ಹಾಕಬಹುದು, 21ಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು. ಓಟಿನ ವಯಸ್ಸೂ ಮೊದಲು 21 ಇತ್ತು, 1989ರಲ್ಲಿ ಇಳಿಸಿದರು. ಅಂದರೆ ನಮಗೆ ಓಟಿಗೆ ಇನ್ನು ಐದು ವರ್ಷ, ಮೆಂಬರಾಗಲು ಎಂಟೇ ವರ್ಷ. ಆಗ ಒಮ್ಮೆಲೇ ಮಾತು ಬಂದುಬಿಡುತ್ತಾ? ಹೋರಿಯನ್ನು ಕೂಡ ಹಳೇ ಎತ್ತಿನ ಜೊತೆ ನೊಗ ಕಟ್ಟಿ ಪಳಗಿಸಿದ ಮೇಲೇ ಗಾಡಿಗೆ ಹೂಡ್ತಾರೆ.

ಮಕ್ಕಳ ಗ್ರಾಮಸಭೆಯಲ್ಲಿ ದೊಡ್ಡವರು ಬರೆದುಕೊಟ್ಟ ಚೀಟಿಯನ್ನೇ ನಾವು ಓದಿದೆವು. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಅನ್ನೋದು ಆ ಚೀಟಿಯಲ್ಲಿ ಇರಲೇ ಇಲ್ಲ! ಅದು ಗೊತ್ತಿರುವುದು ನಮಗೇ ಅಲ್ವಾ?

ಆದ್ದರಿಂದ ನನ್ನ ಅಭಿಪ್ರಾಯ ಏನೆಂದರೆ, ನಿಜವಾದ ಕೆಲಸ ಕೊಡಬೇಕು. ನೀರಿನ ತೊಟ್ಟಿ ಎಂದು ತೊಳೆದರು ಎಂದು ಆರೋಗ್ಯ ಮಂತ್ರಿ ಗೋಡೆಯ ಮೇಲೆ ತಾರೀಖು ಬರೆಯಲಿ. ಬರೆಯದಿದ್ದರೆ ಐದನೇ ತರಗತಿಯವರೂ ಎದ್ದು ಕೇಳಲಿ. ಇನ್ನೊಂದು ಮಾತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮಲ್ಲಿ ಮಾತ್ರ ಹುಡುಗಿಯರಿಗೆ ಯಾವಾಗಲೂ ಸಾಂಸ್ಕೃತಿಕ ಖಾತೆಯೇ ಯಾಕೆ? (ರಂಗೋಲಿ ಹುಡುಗರೂ ಹಾಕಬಹುದು.)

ಮುಂದಿನ ಸಂಸತ್ ಸಭೆಗೆ ಪ್ರಶ್ನೆಗಳನ್ನು ನಾವೇ ಬರೆದು ತರುತ್ತೇವೆ. ಗುರುಗಳು ಅವತ್ತು ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕೆಂದು ವಿನಂತಿ.

– 7ನೇ ತರಗತಿ ವಿದ್ಯಾರ್ಥಿನಿ