ಬಿಟ್ಟುಬಂದ ಊರಿನ ಚಿತ್ರ

ನಮ್ಮ ಹನುಮಂತನಗರದಲ್ಲಿ ಬೇರೆ ಊರುಗಳನ್ನು ಬಿಟ್ಟುಬಂದ ಕುಟುಂಬಗಳು ಹಲವು. ಉದ್ಯೋಗವನ್ನು ಅರಸಿ ಬರುವುದು ವಲಸೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯವರ ಮನೆ, ಗದ್ದೆ, ತೋಟಗಳು ನೀರಿನ ಪಾಲಾದುವಷ್ಟೆ. ಅದು ನೆಲೆ ತಪ್ಪುವುದು. ಈ ಭೇದವನ್ನು ಮಕ್ಕಳಿಗೆ ತಿಳಿಸಲು ಚಿತ್ರಕಲೆಯೇ ಸುಲಭವಾದ ದಾರಿಯೆಂದು ನಾವು ಬಗೆಯುತ್ತೇವೆ.

ಅಮೆರಿಕದ ಚಿತ್ರಕಾರ ಜೇಕಬ್ ಲಾರೆನ್ಸರು, ಆಫ್ರಿಕಾ ಮೂಲದ ತಮ್ಮ ಜನರು ದಕ್ಷಿಣದ ಹೊಲಗಳನ್ನು ತೊರೆದು ಉತ್ತರದ ಪಟ್ಟಣಗಳನ್ನು ಸೇರಿದ ಕಥೆಯನ್ನು 1941ರಲ್ಲಿ 60 ಚಿತ್ರಗಳಲ್ಲಿ ಬರೆದು ಮುಗಿಸಿದರು. ಅವುಗಳಲ್ಲಿ ಅರ್ಧ ವಾಷಿಂಗ್‌ಟನ್ನಿನಲ್ಲಿಯೂ ಅರ್ಧ ನ್ಯೂಯಾರ್ಕಿನಲ್ಲಿಯೂ ಇವೆ. ಆದರೂ ಅಂತರಜಾಲದ ದೆಸೆಯಿಂದ ಮನೆಯಲ್ಲಿಯೇ ಕುಳಿತು ಅಷ್ಟನ್ನೂ ನೋಡಬಹುದು. ಬಣ್ಣಗಳು ಒಂದೇ ಸಮನಾಗಿರಲೆಂದು ಅವರು ಒಂದು ಬಣ್ಣವನ್ನು ಎಲ್ಲ ಹಲಗೆಗಳಿಗೂ ಹಚ್ಚಿದ ಮೇಲೆಯೇ ಮತ್ತೊಂದನ್ನು ಹಿಡಿಯುತ್ತಿದ್ದರು.

ನೋಡಿದ ಬಳಿಕ ಮಗುವನ್ನು ಅಜ್ಜಿಯ ಬಳಿ ಕೂರಿಸಿರಿ. ಜಗಲಿ ಯಾವ ದಿಕ್ಕಿಗಿತ್ತು, ಬಾವಿ ಎಲ್ಲಿತ್ತು, ಹೊರಡುವ ದಿನ ಗಂಟಿನಲ್ಲಿ ಏನೇನು ಕಟ್ಟಿದಿರಿ ಎಂದು ಕೇಳಲಿ. ಆರು ಕಾಗದಗಳಲ್ಲಿ ಅದನ್ನು ಚಿತ್ರಿಸಿ, ಪ್ರತಿಯೊಂದರ ಕೆಳಗೂ ಅಜ್ಜಿಯ ಮಾತೊಂದನ್ನು ಬರೆಯಲಿ. ಹೇಳಲು ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು.

ಮುಳುಗಿದ ಮನೆಗೆ ಮರಳಲಾಗದು. ಅದರ ಜಗಲಿ, ಬಾವಿಗಳು ಹಿರಿಯರ ನೆನಪಿನಲ್ಲಿ ಉಳಿದಿವೆ. ಅವರಿರುವಾಗಲೇ ಕಾಗದಕ್ಕೆ ಇಳಿಯಲಿ.