ಕೆಂಪಾಪುರದ ದಾರಿ ನಿಮಗೆ ಗೊತ್ತೇ?

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದರೆ ಕೆಂಪೇಗೌಡ. ಮೆಟ್ರೋ ಬದಲಾಯಿಸಿದರೆ ಕೆಂಪೇಗೌಡ. ವಿಮಾನ ಹತ್ತಲು ಹೋದರೆ ಅಲ್ಲೂ ಕೆಂಪೇಗೌಡ. 2022ರ ನವೆಂಬರ್ 11ರಂದು ಅಲ್ಲಿ 108 ಅಡಿ ಎತ್ತರದ ಕಂಚಿನ ಮೂರ್ತಿ ಅನಾವರಣಗೊಂಡಿತು. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದ ಬೆಂಗಳೂರಿನ ಹುಡುಗ ಹುಡುಗಿಯರು ಕಡಿಮೆ. ಒಳ್ಳೆಯದೇ. ಈಗ ಒಂದೇ ಒಂದು ಪ್ರಶ್ನೆ ಕೇಳುತ್ತೇವೆ, ಉತ್ತರ ಹೇಳಿ. ಆ ಮನುಷ್ಯ ಸತ್ತದ್ದು ಎಲ್ಲಿ?

ಗೊತ್ತಿಲ್ಲ ಅಲ್ಲವೇ? ಬೇಸರ ಬೇಡ ಗೆಳೆಯರೇ, ನಿಮಗೆ ಪಾಠ ಹೇಳಿದವರಲ್ಲೂ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಮಾಗಡಿ ತಾಲ್ಲೂಕಿನಲ್ಲಿ ಕೆಂಪಾಪುರ ಎಂಬ ಪುಟ್ಟ ಹಳ್ಳಿಯಿದೆ. ಊರಿನ ಹೆಸರಿನಲ್ಲೇ ಕೆಂಪ ಇದ್ದಾನೆ. ಅಲ್ಲೊಂದು ಕಲ್ಲಿನ ಸಮಾಧಿ, ಅದರ ಮೇಲೆ ಕನ್ನಡ ಅಕ್ಷರ. ಮಾಗಡಿಯ ಹಿರಿಯ ಕೆಂಪೇಗೌಡರು ಕುಣಿಗಲಿನಿಂದ ಬಂದು ಜಗಳದಲ್ಲಿ ಮಡಿದ ಸ್ಥಳ ಇದು ಎಂಬುದು ಆ ಬರಹದ ಸಾರ. 1569ರಲ್ಲಿ ಕುಣಿಗಲಿನ ಕಡೆಯಿಂದ ಹಿಂದಿರುಗುವಾಗ ಇಲ್ಲಿ ನಡೆದ ಕಾಳಗದಲ್ಲಿ ಬೆಂಗಳೂರು ಕಟ್ಟಿದ ದೊರೆ ಬಿದ್ದ. ಇತಿಹಾಸದ ಅಧ್ಯಾಪಕ ಪ್ರಶಾಂತ್ ಮಾರೂರು ಈ ಕಲ್ಲನ್ನು ಗುರುತಿಸಿ ಲೋಕಕ್ಕೆ ಹೇಳಿದ್ದು 2015ರ ಮಾರ್ಚಿಯಲ್ಲಿ. ಲೆಕ್ಕ ಹಾಕಿ: 446 ವರ್ಷ! ಬೆಂಗಳೂರಿನಿಂದ ಮಾಗಡಿಗೆ ಇರುವ ದೂರ ಸುಮಾರು 50 ಕಿಲೋಮೀಟರ್. ಅಷ್ಟು ದೂರ ಕ್ರಮಿಸಿ ಒಂದು ಸುದ್ದಿ ನಮ್ಮ ಊರು ತಲುಪಲು ನಾಲ್ಕೂವರೆ ಶತಮಾನ ಬೇಕಾಯಿತು.

ಕಲ್ಲು ಬಚ್ಚಿಟ್ಟುಕೊಂಡಿರಲಿಲ್ಲ. ಬಿಸಿಲಿನಲ್ಲಿ ಎಲ್ಲರ ಕಣ್ಣೆದುರೇ ನಿಂತಿತ್ತು. ಅಕ್ಷರವೂ ಕನ್ನಡದ್ದೇ. ಹೋಗಿ ನಿಂತು ಓದುವವರು ಇರಲಿಲ್ಲ, ಅಷ್ಟೇ. ನಮ್ಮ ಯುದ್ಧ ಚರಿತ್ರೆಯ ರೋಗವೇ ಇದು. ಸಾಕ್ಷ್ಯವಿದೆ, ನೋಡುವ ಕಣ್ಣಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇವೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು. ಅಲ್ಲಿಯ ಹಳೆಯ ಬಾವಿಯಿಂದ 2002ರ ಸುಮಾರಿಗೆ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಮದ್ದಿನ ಗುಂಡುಗಳಿರಬೇಕು ಎಂದುಕೊಂಡು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಆಮೇಲೆ ತಿಳಿದವರು ನೋಡಿ ಹೇಳಿದರು, ಇವು ಮೈಸೂರಿನ ಸೈನ್ಯದ ಬಾಣಗಳು, ಅಂದರೆ ರಾಕೆಟ್ಟುಗಳು! 2018ರಲ್ಲಿ ಪುರಾತತ್ವ ಇಲಾಖೆ ಮತ್ತೆ ಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಬಿದಿರು, ಕಾಗದದ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಅದು ಹೆಚ್ಚು ದೂರ ಹಾರುವಂತೆ ಮಾಡಿದ್ದು ಈ ನೆಲದ ಕುಶಲಿಗರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಇಂಗ್ಲೆಂಡಿಗೆ ಹೊತ್ತೊಯ್ದರು. ಕಾಂಗ್ರೀವ್ ಎಂಬಾತ ಅದೇ ದಾರಿ ಹಿಡಿದು ತನ್ನ ರಾಕೆಟ್ಟು ಮಾಡಿದ. ಅಬ್ದುಲ್ ಕಲಾಂ ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಮೈಸೂರಿನ ಸೈನಿಕರು ರಾಕೆಟ್ಟು ಹಾರಿಸುವ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಮೆರಿಕದವರು ಗೋಡೆಗೆ ಹಾಕಿಕೊಂಡ ನಮ್ಮ ಬಾಣಕ್ಕೆ ಸರಿಯಾದ ಹೆಸರು ಹೇಳಲು ನಮಗೇ ಅಷ್ಟು ವರ್ಷ ಹಿಡಿಯಿತು. ಇದೆಂಥ ವಿಪರ್ಯಾಸ!

ಹಾಗಾದರೆ ತಪ್ಪು ಯಾರದು? ಸರ್ಕಾರದ್ದು ಎನ್ನುವುದು ಸುಲಭ. ಸರ್ಕಾರದ ಪಾಲು ಇದ್ದೇ ಇದೆ, ಅದನ್ನು ಕೇಳೋಣ. ಆದರೆ ನೋಡುವವರೇ ಬಾರದ ಸಣ್ಣ ವಸ್ತುಸಂಗ್ರಹಾಲಯಕ್ಕೆ ಯಾವ ಅಧಿಕಾರಿ ದೀಪ ಹಾಕಿಸುತ್ತಾನೆ? ಯಾವ ಶಾಸಕ ಹಣ ಕೇಳುತ್ತಾನೆ? ದೊಡ್ಡ ಅರಮನೆಗಳಿಗೆ ಜನ ತಾವಾಗಿಯೇ ಬರುತ್ತಾರೆ. ಸಣ್ಣವು ಬದುಕುವುದು ನಮ್ಮ ನಿಮ್ಮ ಕಾಲಿನ ಧೂಳಿನಿಂದ.

ಮಡಿಕೇರಿಯ ‘ಸನ್ನಿ ಸೈಡ್’ ನೋಡಿ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ ಅದು. 1948ರ ನವೆಂಬರಿನಲ್ಲಿ ಹಿಮದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದವರು, 1957ರಿಂದ 1961ರವರೆಗೆ ದೇಶದ ಭೂಸೇನೆಯ ಮುಖ್ಯಸ್ಥರು, 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಲೇ ತೀರಿಕೊಂಡವರು. ಅಂಥವರ ಮನೆಯಲ್ಲಿ ಬಹುಕಾಲ ಇದ್ದದ್ದು ಏನು ಗೊತ್ತೇ? ಆರ್.ಟಿ.ಓ. ಕಚೇರಿ! ಸೇನಾನಿಯ ಮನೆಯಲ್ಲಿ ಲೈಸೆನ್ಸಿಗೆ ಕ್ಯೂ. ಕೊಡಗಿನ ನಿವೃತ್ತ ಸೈನಿಕರು, ಅಭಿಮಾನಿಗಳು ಬಿಡದೆ ಬೆನ್ನು ಹತ್ತಿದ್ದರಿಂದ ಅದು ವಸ್ತುಸಂಗ್ರಹಾಲಯವಾಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಜನ ಕೇಳಿದರು, ಆಯಿತು. ಕೇಳದಿದ್ದರೆ ಇವತ್ತಿಗೂ ಅಲ್ಲಿ ಅರ್ಜಿ ನಮೂನೆ ಮಾರುತ್ತಿದ್ದರು.

ಬೆಂಗಳೂರಿನಲ್ಲೇ ಇನ್ನೊಂದು ಪಾಠವಿದೆ. ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದಲ್ಲಿ ಊರಿಗಾಗಿ ಕಾದಿ ಸತ್ತ ಕಿತ್ತಯ್ಯ ಎಂಬವನ ಕಲ್ಲು. ನಗರದಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನ. ಆಸಕ್ತರೂ ಊರಿನವರೂ ಹಣ ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಅಷ್ಟು ಸಾಕು, ಅದೇ ಒಂದು ವಸ್ತುಸಂಗ್ರಹಾಲಯ.

ಕೆಲವರು ಕೇಳುತ್ತಾರೆ: ಕತ್ತಿ, ಕೋವಿ, ಫಿರಂಗಿ ನೋಡಿ ಏನು ಪ್ರಯೋಜನ? ಹಿಂಸೆಯ ಪೂಜೆ ತಾನೇ? ವೀರಗಲ್ಲಿನ ಮುಂದೆ ಒಮ್ಮೆ ನಿಂತವರು ಹೀಗೆ ಕೇಳುವುದಿಲ್ಲ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ದನ ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು, ಊರು ಉಳಿಸಲು ಸತ್ತ ಸಾಮಾನ್ಯರ ಹೆಸರು ಅಲ್ಲಿರುತ್ತದೆ. ರಾಜನ ಗೆಲುವಿಗಿಂತ ಒಬ್ಬ ಬಡವನ ಸಾವು ದೊಡ್ಡದಾಗಿ ಕಾಣುವ ಜಾಗ ಅದು. ಯುದ್ಧದ ಬೆಲೆ ಏನೆಂದು ಸಿನಿಮಾ ಹೇಳುವುದಿಲ್ಲ, ಕಲ್ಲು ಹೇಳುತ್ತದೆ.

ಇನ್ನು ಭಾಷೆಯ ಮಾತು. ಬೆಂಗಳೂರು ಕೋಟೆಯ ಅಳಿದುಳಿದ ದಿಲ್ಲಿ ಬಾಗಿಲಿನ ಬಳಿ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಈ ಒಡಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಹೊಡೆದವರ ಮಾತು, ಹೊಡೆದವರ ಭಾಷೆ. ಅದೇ ಒಡಕಿನಲ್ಲಿ ನಿಂತು ಕಾದಾಡಿ ಸತ್ತ ಮುದಿ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ. ಅವನ ಜೊತೆ ಬಿದ್ದ ನಮ್ಮ ಸಿಪಾಯಿಗಳ ಸುಳಿವೂ ಇಲ್ಲ. ಅದೇ ಯುದ್ಧದಲ್ಲಿ ಸತ್ತ ಬ್ರಿಟಿಷರಿಗೆ ನಗರದ ನಡುವೆ ಎತ್ತರದ ಸ್ಮಾರಕ ಕಂಬವಿತ್ತು. ಕನ್ನಡ ಚಳವಳಿಗಾರರ ಒತ್ತಾಯದಿಂದ 1964ರಲ್ಲಿ ಅದು ಹೋಯಿತು. ಅವರ ಕಂಬ ಇಳಿಸಿದ್ದಾಯಿತು. ನಮ್ಮವರ ಹೆಸರು ಎಲ್ಲಿ ಬರೆದೆವು? ಕೆಡವುವುದು ಒಂದು ದಿನದ ಕೆಲಸ, ಬರೆದಿಡುವುದು ಒಂದು ತಲೆಮಾರಿನ ಕೆಲಸ. ಈ ಎರಡನೆಯ ಕೆಲಸ ನಮ್ಮ ಪಾಲಿಗೆ ಬಾಕಿ ಉಳಿದಿದೆ.

ಆದ್ದರಿಂದ ಈ ಪತ್ರಿಕೆ ಓದುವ ಪ್ರತಿಯೊಬ್ಬ ತರುಣ ತರುಣಿಯಲ್ಲಿ ನಮ್ಮ ಮನವಿ: ಒಂದು ಭಾನುವಾರ ಕೊಡಿ. ಬೆಳಿಗ್ಗೆ ಮಾಗಡಿ ಬಸ್ಸು ಹಿಡಿಯಿರಿ. ಮಾಗಡಿಯ ಕೋಟೆ ನೋಡಿ. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರು ಬಿಟ್ಟುಕೊಟ್ಟ ಮೇಲೆ ಇಮ್ಮಡಿ ಕೆಂಪೇಗೌಡರು ನೆಲೆ ನಿಂತ ಊರು, 1728ರಲ್ಲಿ ಮೈಸೂರಿಗೆ ಸೋತ ಊರು. ಸಾವನದುರ್ಗ ಅದೇ ತಾಲ್ಲೂಕಿನಲ್ಲಿದೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. ಬಂಡೆ ಹತ್ತಿ ರೀಲ್ಸ್ ಮಾಡುವವರೇ, ಕಾಲ ಕೆಳಗಿನ ಕೋಟೆ ಗೋಡೆಯನ್ನೂ ಒಮ್ಮೆ ನೋಡಿ! ಆಮೇಲೆ ಕೆಂಪಾಪುರಕ್ಕೆ ಹೋಗಿ. ಚಪ್ಪಲಿ ಬಿಟ್ಟು, ಸಮಾಧಿಯ ಮುಂದೆ ಐದು ನಿಮಿಷ ನಿಲ್ಲಿ. ಅಕ್ಷರ ಅಕ್ಷರವಾಗಿ ಓದಲು ಪ್ರಯತ್ನಿಸಿ. ಊರ ಹಿರಿಯರನ್ನು ಮಾತಿಗೆಳೆದು, ಅವರು ಹೇಳುವುದನ್ನು ಬರೆದುಕೊಳ್ಳಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ. ಅಭಿಮಾನದ ಹೆಸರಿನಲ್ಲಿ ಅಕ್ಷರ ಅಳಿಸಿದರೆ ಅದೂ ದ್ರೋಹವೇ.

ಎಲ್ಲಿ ಹೋದರೂ ಸಂದರ್ಶಕರ ಪುಸ್ತಕ ಕೇಳಿ, ಕನ್ನಡದಲ್ಲಿ ಬರೆಯಿರಿ. ಫಲಕದಲ್ಲಿ ಕನ್ನಡ ಇಲ್ಲದಿದ್ದರೆ, ಇದ್ದೂ ತಪ್ಪಿದ್ದರೆ, ಅಲ್ಲಿನ ಸಿಬ್ಬಂದಿಯ ಮೇಲೆ ಎಗರಬೇಡಿ. ಆ ಬಡ ನೌಕರ ಏನು ಮಾಡಿಯಾನು? ಇಲಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ಜನ ಕೂಗಿದ ಕೂಗಿಗಿಂತ ನೂರು ಜನ ಬರೆದ ಅರ್ಜಿ ಭಾರ.

ಸರ್ಕಾರಕ್ಕೂ ಒಂದು ಮಾತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿರಿ. ಬೆಂಗಳೂರಿನ ಹೆಸರು ಬೇಕೆಂದಾದರೆ ಬೆಂಗಳೂರು ಕಟ್ಟಿದವನ ಸಮಾಧಿಯ ಜವಾಬ್ದಾರಿಯೂ ಬೇಕು. ಕೆಂಪಾಪುರಕ್ಕೆ ಗ್ರಾನೈಟ್ ಕಮಾನು, ಮಂತ್ರಿಗಳ ಹೆಸರಿನ ಅಡಿಗಲ್ಲು ಬೇಡ. ನಾಲ್ಕು ಕೋಣೆಯ ಸಣ್ಣ ಯುದ್ಧ ಚರಿತ್ರೆಯ ಸಂಗ್ರಹಾಲಯ ಸಾಕು. ಸುತ್ತಲಿನ ಹೊಲಗಳಲ್ಲಿ ಮಳೆಗೆ ನೆನೆಯುತ್ತಿರುವ ವೀರಗಲ್ಲುಗಳ ಪಟ್ಟಿ, ದುರ್ಗಗಳ ನಕ್ಷೆ, ಸಮಾಧಿ ಶಾಸನದ ಅಚ್ಚು ಮತ್ತು ಓದು, ಮಾಗಡಿಯಿಂದ ಸೈನ್ಯಕ್ಕೆ ಹೋಗಿ ಬಾರದವರ ಹೆಸರು. ಎಲ್ಲವೂ ಮೊದಲು ಕನ್ನಡದಲ್ಲಿ. ವಿವರಿಸಲು ಅದೇ ಊರಿನ ಇಬ್ಬರು ಓದಿದ ಮಕ್ಕಳಿಗೆ ಕೆಲಸ. ಊರಿನವರನ್ನು ಎಬ್ಬಿಸಿ ಕಟ್ಟುವ ಸ್ಮಾರಕ ನಮಗೆ ಬೇಡ. ಊರಿನವರು ಕಾಯುವ ಸ್ಮಾರಕ ಬೇಕು.

ಕನ್ನಡದ ಗೆಳೆಯರೇ, ನವೆಂಬರಿನಲ್ಲಿ ಬಾವುಟ ಹಾರಿಸುತ್ತೇವೆ, ಜೈಕಾರ ಹಾಕುತ್ತೇವೆ. ಹಾರಿಸೋಣ, ಹಾಕೋಣ. ಆದರೆ 108 ಅಡಿಯ ಮೂರ್ತಿಯನ್ನು ನೋಡಲು ಕತ್ತೆತ್ತಿದರೆ ಸಾಕು. ಕೆಂಪಾಪುರದ ಕಲ್ಲನ್ನು ಓದಲು ತಲೆ ಬಗ್ಗಿಸಬೇಕು. ಬರುವ ಭಾನುವಾರ ಯಾರು ಯಾರು ಬರುತ್ತೀರಿ?